ಲಾಸ್ಯಾಳ ದನಿ, ಸನ್ನಿಧಿಯ ಮಾತು

ಪಕ್ಕದ ಮನೆಯ ಕಲಾ ಆಂಟಿ ಹಿತ್ತಲ ಬಾಗಿಲಿಗೆ ಬಂದರೆ ಕರಿಬೇವೋ ಹೆಪ್ಪಿಗೆ ಮೊಸರೋ ಬೇಕಾಗಿದೆ ಎಂದೇ ಅರ್ಥ. ಲಾಸ್ಯಾ ಎರಡನೆಯ ತರಗತಿಯಲ್ಲಿದ್ದಾಗ ಒಂದು ಶನಿವಾರ ಮಾತ್ರ ಅವರು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕುಳಿತು, ಅವಳ ಅಮ್ಮ ನಂದಿತಾ ಹತ್ತಿರ ಲಾಸ್ಯಾಳ ದನಿಯನ್ನು ಕೊಡಿ ಎಂದು ಕೇಳಿದರು.

ನಂದಿತಾಗೆ ಅರ್ಥವಾಗಲಿಲ್ಲ. ಕನ್ನಡ ಕೂಟದಲ್ಲಿ ಮಕ್ಕಳಿಂದ ಏನಾದರೂ ಹಾಡಿಸುತ್ತಾರೇನೋ ಎಂದುಕೊಂಡರು. ಕಲಾ ಬಿಡಿಸಿ ಹೇಳಿದರು. ತಮ್ಮ ಮಗಳು ಸನ್ನಿಧಿಗೆ ಶಾಲೆಯವರು ಒಂದು ಟ್ಯಾಬ್ಲೆಟ್ ಕೊಟ್ಟಿದ್ದಾರೆ, ಗಾಲಿಕುರ್ಚಿಗೆ ಕೂರಿಸುವಂಥದ್ದು. ಪರದೆಯ ಮೇಲಿನ ಚಿತ್ರಗಳಲ್ಲಿ ಯಾವುದನ್ನು ಅವಳು ಕಣ್ಣಿಟ್ಟು ನೋಡುತ್ತಾಳೋ ಆ ಮಾತನ್ನು ಅದು ಗಟ್ಟಿಯಾಗಿ ಆಡುತ್ತದೆ. ಆದರೆ ಆಡುವುದೆಲ್ಲ ಇಂಗ್ಲಿಷಿನಲ್ಲಿ, ಯಾರೋ ನಡುವಯಸ್ಸಿನ ಅಮೆರಿಕನ್ ಹೆಂಗಸಿನ ದನಿಯಲ್ಲಿ. ಶಾಲೆಗೆ ಅದು ಸರಿ, ಮನೆಗೆ ಕನ್ನಡ ಬೇಕು. ಯಾರಾದರೂ ಹೇಳಿದ್ದನ್ನು ರೆಕಾರ್ಡ್ ಮಾಡಿ ಅದರೊಳಗೆ ಇಡಬಹುದಂತೆ. ತಾವೇ ಒಂದು ನಾಲ್ಕು ಮಾತು ಹೇಳಿ ನೋಡಿದರಂತೆ. ಸನ್ನಿಧಿ ‘ಅಮ್ಮ’ ಎಂಬ ಚಿತ್ರವನ್ನು ನೋಡಿದಳು. ಅಮ್ಮನ ದನಿಯೇ ಅಮ್ಮನನ್ನು ಕರೆಯಿತು. ಆಮೇಲೆ ಅವಳು ಆ ಚಿತ್ರದ ಕಡೆ ಕಣ್ಣು ಹಾಯಿಸಲೇ ಇಲ್ಲ.

“ಅವಳ ವಯಸ್ಸಿನ ಹುಡುಗೀ ದನಿ ಬೇಕು ನಂದಿತಾ,” ಎಂದರು ಕಲಾ. “ನನ್ನ ದನೀಲಿ ಅವಳು ನನ್ನನ್ನೇ ಹೇಗೆ ಕರೀತಾಳೆ, ಹೇಳಿ.”

ನಂದಿತಾ ಧಾರವಾಡದವರು. ಮಗಳು ಮನೆಯಲ್ಲಿ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಆಡುವ ನಾಲ್ಕು ಕನ್ನಡ ಮಾತೂ ತಮ್ಮ ಕಡೆಯದು ಎಂಬ ಸಂಕೋಚ ಅವರಿಗಿತ್ತು. “ಆಕೀ ಮಾತು ಹಾಕಿದರ ನಿಮ್ಮ ಮಗಳು ಧಾರವಾಡದಾಕಿ ಆಗ್ತಾಳ್ರಿ,” ಎಂದರು. ಆಗಲಿ ಬಿಡಿ ಎಂದು ಕಲಾ ನಕ್ಕರು. ಅಂದೇ ಮಧ್ಯಾಹ್ನ ಲಾಸ್ಯಾ ಅವರ ಮನೆಯಲ್ಲಿ, ಮುಂಬಾಗಿಲ ಪಕ್ಕದ ಕೋಟು ನೇತುಹಾಕುವ ಕ್ಲಾಸೆಟ್‌ನೊಳಗೆ, ಚಳಿಗಾಲದ ಜಾಕೆಟ್‌ಗಳ ನಡುವೆ ಮೊಣಕಾಲು ಮಡಚಿ ಕುಳಿತಿದ್ದಳು. ಹೊರಗಿನ ಸದ್ದು ಅಲ್ಲಿಗೆ ಬರುವುದಿಲ್ಲ ಎಂದು ಕಲಾ ಹುಡುಕಿದ ಜಾಗ ಅದು. ನೀರು. ಹಸಿವು. ನೋವು. ಅಜ್ಜಿ. ಬೇಕು. ‘ಬೇಡ’ ಎನ್ನಬೇಕಾದಲ್ಲಿ ಅವಳ ಬಾಯಿಂದ ಬಂದದ್ದು ‘ಬ್ಯಾಡ’. ಇನ್ನೊಮ್ಮೆ ಹೇಳಲೇ ಎಂದು ಅವಳು ಕೇಳಿದ್ದಕ್ಕೆ ಕಲಾ ಬೇಡವೆಂದರು. ಸುಳ್ಳು ಸುಳ್ಳಾಗಿ ಹೇಳಿದ್ದಕ್ಕಿಂತ ನಿಜವಾಗಿ ಹೇಳಿದ್ದು ಚೆನ್ನಾಗಿರುತ್ತದೆ ಎಂಬುದು ಅವರ ಲೆಕ್ಕ.

ಸಂಜೆ ಸನ್ನಿಧಿ ಹೊಸ ‘ಅಮ್ಮ’ನನ್ನು ನೋಡಿದಳು. ಟ್ಯಾಬ್ಲೆಟ್ಟಿನಿಂದ ಲಾಸ್ಯಾ ಕರೆದಳು. ಒಲೆಯ ಮುಂದಿದ್ದ ಕಲಾ ತಿರುಗಿ ನೋಡದೆ, ಎಲ್ಲ ಮನೆಯ ಎಲ್ಲ ಅಮ್ಮಂದಿರ ಹಾಗೆ, “ಏನೇ?” ಎಂದರು. ಹಾಗೆ ಅಂದದ್ದು ತಿಳಿದಾಗ ಸೌಟು ಕೆಳಗಿಟ್ಟು ಅಲ್ಲೇ ನಿಂತುಬಿಟ್ಟರು. ಅದನ್ನು ಲಾಸ್ಯಾ ಕಣ್ಣಾರೆ ಕಂಡಿದ್ದಳು, ಮತ್ತು ಎಂಟು ವರ್ಷದ ಹುಡುಗಿಗೆ ಸಾಧ್ಯವಾದಷ್ಟು ಹೆಮ್ಮೆಪಟ್ಟಿದ್ದಳು.

ಅದರ ಹಿಂದಿನ ಕತೆ ಅವಳಿಗೆ ತಿಳಿದದ್ದು ವರ್ಷಗಳುದ್ದಕ್ಕೂ, ತುಣುಕು ತುಣುಕಾಗಿ. ಕಲಾ ಮೈಸೂರಿನವರು, ರಸಾಯನಶಾಸ್ತ್ರ ಓದಿದವರು. ಎರಡೂ ಮನೆಯವರಿದ್ದ ಅಮೆರಿಕದ ಊರು ಹಿಲ್ಸ್‌ಬರೋದಿಂದ ಅನತಿ ದೂರದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಅವರ ಗಂಡ ಶಿವರಾಮ್ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುವವರು, ಬೆಳಕು ಹರಿಯುವ ಮುಂಚೆ ಟ್ರೇನ್ ಹಿಡಿದು ಕತ್ತಲಾದ ಮೇಲೆ ಇಳಿಯುವವರು. ಸನ್ನಿಧಿ ದಿನ ತುಂಬುವ ಮೊದಲೇ ಹುಟ್ಟಿದ ಮಗು. ಸೆರೆಬ್ರಲ್ ಪಾಲ್ಸಿ ಎಂದರು ಡಾಕ್ಟರು. ಕೈಕಾಲು, ನಾಲಿಗೆ ಅವಳ ಮಾತು ಕೇಳುವುದಿಲ್ಲ. ಮಗುವಿಗೆ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಆಗಲೇ ಹೇಳಲಾಗದು ಎಂದರು. ಸ್ವಲ್ಪ ದೊಡ್ಡವಳಾದ ಮೇಲೆ ಒಬ್ಬ ತಜ್ಞೆ, ಈ ಮಗುವಿಗೆ ಒಂದು ಭಾಷೆಯೇ ಭಾರ, ಎರಡು ಬೇಡ, ಮನೆಯಲ್ಲೂ ಇಂಗ್ಲಿಷೇ ಆಡಿ ಎಂದು ಸಲಹೆ ಕೊಟ್ಟರು. ಮಗುವಿಗೆ ಒಳ್ಳೆಯದಾಗುತ್ತದೆ ಎಂದರೆ ಬೆಂಕಿಯನ್ನಾದರೂ ಹಾಯುತ್ತಿದ್ದ ಗಂಡ ಹೆಂಡತಿ, ಮಾತು ಬದಲಿಸುವುದೇನು ದೊಡ್ಡದು ಎಂದು ಒಪ್ಪಿದರು.

ಆದರೆ ಅದು ದೊಡ್ಡದೇ ಆಗಿತ್ತು. ಆಫೀಸಿನಲ್ಲಿ ಅರಳು ಹುರಿದಂತೆ ಇಂಗ್ಲಿಷ್ ಆಡುತ್ತಿದ್ದ ಕಲಾಗೆ ಮಗುವನ್ನು ಮುದ್ದಿಸಲು ಆ ಭಾಷೆಯಲ್ಲಿ ಮಾತು ಸಿಗುತ್ತಿರಲಿಲ್ಲ. ಬೈಯಲೂ ಸಿಗುತ್ತಿರಲಿಲ್ಲ. ಮೈಸೂರಿನ ಅಜ್ಜಿ ಫೋನ್ ಮಾಡಿದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಬೇಕಿತ್ತು. ಮನೆಯಲ್ಲಿ ಮಾತೇ ಕಡಿಮೆಯಾಯಿತು. ಹೀಗೆ ಎರಡು ಮೂರು ವರ್ಷ ನಡೆದ ಮೇಲೆ ಒಂದು ದಿನ ಒಗ್ಗರಣೆ ಸೀದು, ಕೈಗೆ ಎಣ್ಣೆ ಸಿಡಿದು, ಕಲಾ ಬಾಯಿಗೆ ಬಂದ ಹಾಗೆ ಆ ಬಾಣಲೆಗೆ, ಅದನ್ನು ಮಾರಿದವನಿಗೆ, ಅದನ್ನು ಕೊಂಡುತಂದ ಗಂಡನಿಗೆ ಸೇರಿಸಿ ಮೈಸೂರಿನ ಕನ್ನಡದಲ್ಲಿ ಬೈದರು. ಹಿಂದಿನಿಂದ ಕಿಲಕಿಲ ನಗು ಕೇಳಿಸಿತು. ಸನ್ನಿಧಿ ತನ್ನ ಕುರ್ಚಿಯಲ್ಲಿ ಮೈಯೆಲ್ಲ ಅಲುಗಿಸಿ ನಗುತ್ತಿದ್ದಳು. ಅನುಮಾನ ಬಂದು ಕಲಾ ಬೈಗುಳವನ್ನು ಬಿಟ್ಟು ಮೆಲ್ಲಗೆ, “ನಿಮ್ಮಪ್ಪ ಬರಲಿ, ಈ ಬಾಣಲೇನ ಅವರ ತಲೆಗೇ ಟೋಪಿ ಮಾಡಿ ಹಾಕೋಣ” ಎಂದರು. ಮಗು ಇನ್ನಷ್ಟು ನಕ್ಕಿತು. ಅರ್ಥವಾಗುತ್ತಿತ್ತು, ಎಲ್ಲವೂ ಅರ್ಥವಾಗುತ್ತಿತ್ತು. ಆ ಸಂಜೆಯಿಂದ ಆ ಮನೆಗೆ ಕನ್ನಡ ವಾಪಸು ಬಂತು.

ಹೀಗಾಗಿ ಕ್ಲಾಸೆಟ್‌ನ ಕೆಲಸ ವರ್ಷ ವರ್ಷವೂ ನಡೆಯಿತು. ಸನ್ನಿಧಿಗೆ ಬೇಕಾದ ಮಾತುಗಳು ಬೆಳೆದ ಹಾಗೆ ಲಾಸ್ಯಾಳ ದನಿಯೂ ಬೆಳೆಯಿತು. ಹಳೆಯದನ್ನು ತೆಗೆದು ದೊಡ್ಡ ಹುಡುಗಿಯ ದನಿಯಲ್ಲಿ ಮತ್ತೆ ಹೇಳಿಸೋಣ ಎಂದು ಕಲಾ ಕೇಳಿದರೆ ಸನ್ನಿಧಿ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಅದು ಅವಳ ‘ಇಲ್ಲ’. ಹಾಗಾಗಿ ಅವಳ ‘ನೀರು’ ಎಂಟು ವರ್ಷದ್ದಾಗಿಯೇ ಉಳಿಯಿತು. ಅಜ್ಜಿ ಫೋನಿನಲ್ಲಿ ಮೊಮ್ಮಗಳ ‘ಬ್ಯಾಡ’ ಕೇಳಿ, ನಮ್ಮ ಮನೆಯ ಕೂಸು ಯಾವಾಗ ಧಾರವಾಡಕ್ಕೆ ಹೋಗಿ ಬಂತು ಎಂದು ನಕ್ಕರಂತೆ. ಲಾಸ್ಯಾಳಿಗೂ ಒಂದು ಲಾಭವಾಯಿತು. ಹೇಳಬೇಕಾದ ಮಾತುಗಳನ್ನು ಹೇಳಿ ಹೇಳಿ ಅವಳ ಕನ್ನಡವೇ ಗಟ್ಟಿಯಾಯಿತು. ಅವಳ ಕಸಿನ್‌ಗಳೆಲ್ಲ ಊರಿಗೆ ಹೋದರೆ ನಕ್ಕು ಸುಮ್ಮನಾಗುವಾಗ ಇವಳು ಆಟೋದವರ ಜೊತೆ ವಾದಿಸುವಷ್ಟು ಕಲಿತಿದ್ದಳು.

ಐಸೆಲಿನ್ ಊರಿನಲ್ಲಿ ಆ ಘಟನೆ ನಡೆದದ್ದು ಲಾಸ್ಯಾಳಿಗೆ ಹನ್ನೆರಡು ತುಂಬಿದ ವರ್ಷ. ದೀಪಾವಳಿಗೆ ಬಟ್ಟೆ ತರಲು ಕಲಾ ಇಬ್ಬರು ಹುಡುಗಿಯರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಭಾರತೀಯ ಅಂಗಡಿಗಳಿರುವ ಅಲ್ಲಿನ ಓಕ್ ಟ್ರೀ ರೋಡಿಗೆ ಹೋಗಿದ್ದರು. ಸೀರೆ ಅಂಗಡಿಯಲ್ಲಿ ಇವರು ಕನ್ನಡ ಆಡುವುದನ್ನು ಕೇಳಿ ಒಬ್ಬ ಹಿರಿಯ ಹೆಂಗಸು ಹತ್ತಿರ ಬಂದರು. ಊರು ಕೇರಿ ವಿಚಾರಿಸಿದರು. ಕೆಟ್ಟವರೇನಲ್ಲ. ಸನ್ನಿಧಿಯ ತಲೆ ಸವರಿ, ಅವಳ ಎದುರಿನಲ್ಲೇ, “ಪಾಪ, ಈ ಮಗೂಗೆ ಏನೂ ತಿಳಿಯಲ್ಲ ಅಲ್ವಾ?” ಎಂದು ಕಲಾರನ್ನು ಕೇಳಿದರು.

ಕಲಾ ಉತ್ತರ ಕೊಡುವ ಮೊದಲೇ ಸನ್ನಿಧಿಯ ಕಣ್ಣು ಪರದೆಯ ಮೇಲೆ ಓಡಾಡತೊಡಗಿತ್ತು. ಒಂದು ಪುಟ ತೆರೆದು, ಇನ್ನೊಂದು ತೆರೆದು, ಹಿಂದಕ್ಕೆ ಬಂದು, ಏನನ್ನೋ ಹುಡುಕುತ್ತಿದ್ದಳು. ಕೊನೆಗೆ ಟ್ಯಾಬ್ಲೆಟ್ ಮಾತಾಡಿತು: “ಮನೆ. ಮನೆ. ಮನೆ.” ಮಗುವಿಗೆ ಆಯಾಸವಾಗಿದೆ, ಕರೆದುಕೊಂಡು ಹೋಗಿ ಎಂದು ಆ ಹೆಂಗಸು ಮರುಕಪಟ್ಟರು.

ಪಾರ್ಕಿಂಗ್ ಲಾಟಿನಲ್ಲಿ ಕುರ್ಚಿಯನ್ನು ವ್ಯಾನಿಗೆ ಏರಿಸಿ ಬೆಲ್ಟು ಬಿಗಿದ ಮೇಲೆ ಕಲಾ ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕುಳಿತರು. ಅವರ ಭುಜ ಅಲುಗುವುದು ಹಿಂದಿನ ಸೀಟಿನಿಂದ ಲಾಸ್ಯಾಳಿಗೆ ಕಂಡಿತು. ಕಲಾ ಆಂಟಿ ಅಳುವುದನ್ನು ಅವಳು ಮೊದಲು ನೋಡಿದ್ದು ಆಗಲೇ. ಆ ಹೆಂಗಸಿನ ಮಾತಿಗೆ ನೊಂದರು ಎಂದು ಅವಳು ಅಂದುಕೊಂಡಳು. ಆದರೆ ಕಲಾ ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿ ಮಗಳ ಮುಖ ನೋಡಿದರು.

“ತಪ್ಪು ನಂದು ಪುಟ್ಟಾ. ಬೇಕು, ಬೇಡ ಅನ್ನೋ ಮಾತು ಬಿಟ್ರೆ ನಿನಗೆ ನಾನು ಏನೂ ಕೊಟ್ಟಿಲ್ಲ. ಜಗಳ ಆಡೋಕೆ ಒಂದು ಮಾತೂ ಇಲ್ಲ ಅದರಲ್ಲಿ.”

ಮರುದಿನ ಭಾನುವಾರ. ಕ್ಲಾಸೆಟ್‌ನಲ್ಲಿ ಲಾಸ್ಯಾ ಗಂಟೆಗಟ್ಟಲೆ ಸಿಟ್ಟು ಮಾಡಿದಳು. ನನಗೆ ಎಲ್ಲಾ ಗೊತ್ತಾಗುತ್ತೆ. ನನ್ನನ್ನೇ ಕೇಳಿ. ನೀನು ಹೇಳಿದ್ದು ತಪ್ಪು. ಸಾಕು, ಸುಮ್ಮನಿರು. ನನಗೆ ಕೋಪ ಬಂದಿದೆ. ಇಷ್ಟು ಮೆತ್ತಗಲ್ಲ, ನಿಮ್ಮಮ್ಮನಿಗೆ ಬೈಯೋ ಹಾಗೆ ಹೇಳು ಎಂದು ಕಲಾ ಹೊರಗಿನಿಂದ ಹುರಿದುಂಬಿಸುತ್ತಿದ್ದರು. ಮಗಳಿಗೆ ಎದುರುತ್ತರ ಹೇಳಿಕೊಡುವ ತಾಯಿಯನ್ನು ತಾವೆಲ್ಲೂ ಕಂಡಿಲ್ಲ ಎಂದು ನಂದಿತಾ ಬಾಯಿಮೇಲೆ ಕೈಯಿಟ್ಟುಕೊಂಡರು. ಆಮೇಲೆ ತಾವೇ ಧಾರವಾಡದ ಎರಡು ಖಾರದ ಮಾತು ಸೇರಿಸಿದರು. ಆ ಸಂಜೆ ಕಲಾ ಎಂದಿನಂತೆ ಮಗಳ ಬಾಯಿ, ಗದ್ದ, ಮತ್ತೆ ಬಾಯಿ ಒರೆಸುತ್ತಿದ್ದಾಗ ಟ್ಯಾಬ್ಲೆಟ್, “ಸಾಕು, ಸುಮ್ಮನಿರು” ಎಂದಿತು. ಶಿವರಾಮ್ ನಗು ತಡೆಯಲಾರದೆ ತಟ್ಟೆ ಬಿಟ್ಟು ಎದ್ದರು. ಕಲಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು, ಸರಿ ತಾಯಿ ಎಂದರು.

ಶಿವರಾಮ್ ಬಗ್ಗೆ ಹೇಳದಿದ್ದರೆ ಈ ಕತೆ ಅರ್ಧವೇ. ಅವರು ಮಾತಿನವರಲ್ಲ. ವಾರವೆಲ್ಲ ಟ್ರೇನಿನಲ್ಲಿ ಕಳೆದವರು ಶನಿವಾರ ಬೆಳಿಗ್ಗೆ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಅಪ್ಪ ಮಗಳು ಈಜುಕೊಳಕ್ಕೆ ಹೋಗುವ ಹೊತ್ತು ಅದು. ಲಾಸ್ಯಾ ಕೆಲವು ಸಲ ಜೊತೆಗೆ ಹೋಗಿದ್ದಳು. ನೀರಿನಲ್ಲಿ ಸನ್ನಿಧಿಯ ಮೈಯ ಬಿಗಿತವೆಲ್ಲ ಸಡಿಲಗೊಂಡು ಅವಳು ಹತ್ತಿಯ ಹಾಗಾಗುತ್ತಿದ್ದಳು. ಶಿವರಾಮ್ ಅವಳ ಕುತ್ತಿಗೆಯ ಕೆಳಗೆ ಒಂದು ಅಂಗೈ ಮಾತ್ರ ಇಟ್ಟು ಕೊಳದ ಉದ್ದಕ್ಕೂ ನಡೆಯುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಟ್ಯಾಬ್ಲೆಟ್ ಇಲ್ಲದ ಮಗಳೂ ಮಾತಾಡುವಂತಿರಲಿಲ್ಲ. ಅವರಿಬ್ಬರಿಗೂ ಅದು ವಾರದ ಅತ್ಯಂತ ಸುಖದ ಗಳಿಗೆ ಎಂಬುದು ದಡದಲ್ಲಿ ಕುಳಿತವರಿಗೂ ಗೊತ್ತಾಗುತ್ತಿತ್ತು. ಅವಳು ಬೆಳೆದು ಭಾರವಾದ ಮೇಲೆ ಶಿವರಾಮ್ ಅವರ ಬೆನ್ನು ಕೈಕೊಟ್ಟಿತು. ಆದರೂ ಅವರು ಶನಿವಾರ ತಪ್ಪಿಸಲಿಲ್ಲ. ಎತ್ತಲು ಯಂತ್ರವಿರುವ ಕೊಳವೊಂದನ್ನು ದೂರದಲ್ಲಿ ಹುಡುಕಿದರು.

ಗಂಡ ಹೆಂಡತಿ ಇಬ್ಬರನ್ನೂ ದೇವರಂಥವರು ಎಂದು ಕನ್ನಡ ಕೂಟದಲ್ಲಿ ಯಾರೋ ಹೊಗಳಿದಾಗ ಕಲಾಗೆ ರೇಗಿತ್ತು. ದೇವರಿಗೆ ಬೆನ್ನು ನೋಯುವುದಿಲ್ಲ, ಗಂಡನ ಮೇಲೆ ಹರಿಹಾಯುವುದೂ ಇಲ್ಲ ಎಂದು ಮನೆಗೆ ಬಂದು ಗೊಣಗಿದರು. ಲಾಸ್ಯಾ ಅವರ ಸಿಟ್ಟನ್ನು ಕಂಡಿದ್ದಳು, ಫ್ರಿಜ್ಜಿನ ಬಾಗಿಲು ಬಡಿಯುವುದನ್ನು ಕೇಳಿದ್ದಳು, ಎಷ್ಟೋ ದಿನ ಬರೀ ಮೊಸರನ್ನ ಕಲಸಿ ಮುಗಿಸಿದ್ದನ್ನೂ ನೋಡಿದ್ದಳು. ಅದೆಲ್ಲ ಇದ್ದೂ ಬೆಳಿಗ್ಗೆ ಏಳೂವರೆಗೆ ಸನ್ನಿಧಿ ಜಡೆ ಹೆಣೆಸಿಕೊಂಡು, ಅವಳೇ ಕಣ್ಣಿನಿಂದ ಆರಿಸಿದ ಬಣ್ಣದ ಅಂಗಿ ತೊಟ್ಟು, ಶಾಲೆಯ ವ್ಯಾನಿಗೆ ಕಾಯುತ್ತಿರುತ್ತಿದ್ದಳು. ಅದಕ್ಕೇ ಅವರ ಮೇಲೆ ಲಾಸ್ಯಾಳಿಗೆ ಅಷ್ಟು ಗೌರವ.

ಸನ್ನಿಧಿಯಂಥವರಿಗೆ ಇಪ್ಪತ್ತೊಂದನೆಯ ವಯಸ್ಸಿಗೆ ಶಾಲೆ ಮುಗಿಯುತ್ತದೆ. ಅಲ್ಲಿಯವರೆಗೆ ಎಲ್ಲವನ್ನೂ ಶಾಲೆ ನೋಡಿಕೊಳ್ಳುತ್ತದೆ. ಆಮೇಲೆ ಏನು ಎಂಬುದು ಇಂಥ ಮಕ್ಕಳ ಮನೆಗಳಲ್ಲೆಲ್ಲ ಬಹಳ ಮೊದಲೇ ಶುರುವಾಗುವ ಚಿಂತೆ. ಕಲಾ ಎಲ್ಲ ಯೋಚಿಸಿ ಇಟ್ಟಿದ್ದರು. ತಾವು ಕೆಲಸ ಬಿಡುವುದು, ಕೆಳಗಿನ ಕೋಣೆಯನ್ನು ದೊಡ್ಡದು ಮಾಡಿಸುವುದು, ಮಗಳನ್ನು ಕೊನೆಯತನಕ ತಮ್ಮ ಜೊತೆಯೇ ಇಟ್ಟುಕೊಳ್ಳುವುದು. ಲಾಸ್ಯಾ ಆಗ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಕಾಲೇಜು ಓದುತ್ತಿದ್ದಳು, ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದಳು.

ಶಾಲೆಯ ಆ ಕೊನೆಯ ವಸಂತದಲ್ಲಿ ಅಲ್ಲಿ ನಡೆದ ಒಂದು ಮೀಟಿಂಗ್‌ನಲ್ಲಿ ಮುಂದೆ ಏನು ಮಾಡಬೇಕೆಂದಿದ್ದೀಯ ಎಂದು ಸನ್ನಿಧಿಯನ್ನೇ ಕೇಳಿದರು. ಟ್ಯಾಬ್ಲೆಟ್ಟಿನ ಅಮೆರಿಕನ್ ಹೆಂಗಸು, ತಾನು ಡೇನಿಯಲ್ ಜೊತೆ ಅವನ ಮನೆಯಲ್ಲಿ ಇರುತ್ತೇನೆ ಎಂದು ಉತ್ತರಿಸಿದಳು. ಡೇನಿಯಲ್ ಅವಳ ಸಹಪಾಠಿ, ಅವನದೂ ಗಾಲಿಕುರ್ಚಿ. ಹತ್ತು ಹನ್ನೆರಡು ಮೈಲಿ ದೂರದಲ್ಲಿ, ಹಗಲು ರಾತ್ರಿ ನೋಡಿಕೊಳ್ಳುವವರಿರುವ ಒಂದು ಮನೆಗೆ ಅವನು ಹೋಗುವವನಿದ್ದ. ಅಲ್ಲಿ ಇನ್ನೊಂದು ಕೋಣೆ ಖಾಲಿ ಇತ್ತು. ಕಲಾ ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ. ಅದು ಶಾಲೆಯವರು ಹೇಳಿಕೊಟ್ಟ ಮಾತು ಎಂದು ಮನೆಗೆ ಬಂದು ಅಡುಗೆಗೆ ನಿಂತರು.

ಮುಂದಿನ ಭಾನುವಾರದ ಊಟಕ್ಕೆ ಲಾಸ್ಯಾ ಅಲ್ಲಿದ್ದಳು. ಹುಳಿಯನ್ನ ತಟ್ಟೆಗೆ ಬಂದಿತ್ತು. ಸನ್ನಿಧಿ ಬಾಯಿ ತೆರೆಯಲಿಲ್ಲ. ಕಣ್ಣು ಪರದೆಯ ಮೇಲೆ ಹರಿದಾಡುತ್ತಿತ್ತು, ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಅವಳು ಮಾತು ಜೋಡಿಸುವಾಗ ಯಾರೂ ನಡುವೆ ಬಾಯಿ ಹಾಕಬಾರದು ಎಂಬುದು ಆ ಮನೆಯ ನಿಯಮ. ಎಲ್ಲರೂ ಕಾದರು.

“ಅಮ್ಮ. ನಾನು. ಬೇರೆ. ಮನೆ. ಹೋಗ್ತೀನಿ.”

ಹಾಗೆ ಒಂದು ವಾಕ್ಯವನ್ನು ಲಾಸ್ಯಾ ಕ್ಲಾಸೆಟ್‌ನಲ್ಲಿ ಎಂದೂ ಹೇಳಿರಲಿಲ್ಲ. ‘ಅಮ್ಮ’ ಹೇಳಿದ್ದು ಎಂಟು ವರ್ಷದ ಪುಟ್ಟ ಹುಡುಗಿ. ‘ನಾನು’ ನೆಗಡಿಯಾಗಿದ್ದ ಯಾವುದೋ ಚಳಿಗಾಲದ್ದು. ‘ಬೇರೆ’ ಎಂಬುದನ್ನು ಬೇರೆ ಬಟ್ಟೆ ಬೇಕು ಎನ್ನಲೆಂದು ಹನ್ನೆರಡು ವರ್ಷದವಳು ಹೇಳಿದ್ದಳು. ‘ಹೋಗ್ತೀನಿ’ ಕಳೆದ ವರ್ಷದ, ದೊಡ್ಡವಳ ದನಿ. ಬೇರೆ ಬೇರೆ ವಯಸ್ಸಿನ ಲಾಸ್ಯಾಗಳನ್ನು ಒಟ್ಟುಗೂಡಿಸಿ ಸನ್ನಿಧಿ ತನ್ನ ಮಾತನ್ನು ತಾನೇ ಕಟ್ಟಿದ್ದಳು.

ಕಲಾ ಲಾಸ್ಯಾಳ ಕಡೆ ತಿರುಗಿದರು. “ನೀನು ಹೇಳಿಕೊಟ್ಯಾ?”

“ನೋ ಆಂಟಿ. ನಾನು ಅದನ್ನ ಹೇಳೇ ಇಲ್ಲ, ಯಾವತ್ತೂ.”

ಸನ್ನಿಧಿ ಇನ್ನೂ ಮುಗಿಸಿರಲಿಲ್ಲ. ಅವಳ ಹಣೆಯ ಮೇಲೆ ಬೆವರು ಮೂಡಿತ್ತು. “ಬೇಜಾರು. ಬ್ಯಾಡ. ಭಾನುವಾರ. ಬರ್ತೀನಿ.”

ಕಲಾ ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟು, ತೊಳೆಯಲು ಏನೂ ಇಲ್ಲದಿದ್ದರೂ ಕೈ ತೊಳೆಯುತ್ತ ನಿಂತರು. ಶಿವರಾಮ್ ಮಗಳನ್ನು ನೋಡಿ ಬಹಳ ಸಹಜವಾಗಿ, ಯಾವಾಗ ಎಂದು ಕೇಳಿದರು. ಅದಕ್ಕೆ ಕಲಾಗೆ ಬಂದ ಕೋಪ ಎಷ್ಟಿತ್ತೆಂದರೆ ಅಂದು ಮಾಡಿದ ಪಾಯಸವನ್ನು ಯಾರೂ ತಿನ್ನಲಿಲ್ಲ.

ಆಮೇಲಿನ ಎರಡು ವಾರ ತಾಯಿ ಮಗಳ ನಡುವೆ ನಿಜವಾದ ಜಗಳ ನಡೆಯಿತು. ರಾತ್ರಿ ನಿನಗೆ ಹೊರಳಬೇಕೆನಿಸಿದರೆ ಯಾರು ಏಳುತ್ತಾರೆ ಎಂದು ಕಲಾ ಕೇಳುವರು. ನೀನು ಹೇಳಿದ್ದು ತಪ್ಪು ಎನ್ನುವಳು ಸನ್ನಿಧಿ. ಅಲ್ಲಿಯವರಿಗೆ ನಿನ್ನ ಕನ್ನಡ ತಿಳಿಯುತ್ತದೆಯೇ ಎಂದರೆ, ನನಗೆ ಕೋಪ ಬಂದಿದೆ. ನಾವೇನು ಕಡಿಮೆ ಮಾಡಿದ್ದೇವೆ ಎಂದು ಕಲಾ ಕೇಳಿದರೆ ಅವಳು ಕಣ್ಣು ಮುಚ್ಚಿಕೊಳ್ಳುವಳು. ಒಂದು ಭಾನುವಾರ ಸಂಜೆ ಲಾಸ್ಯಾಳನ್ನು ಕಾಲೇಜಿಗೆ ಬಿಡಲು ಕಲಾ ತಾವೇ ಡ್ರೈವ್ ಮಾಡಿಕೊಂಡು ಹೊರಟರು. ಹಾಸ್ಟೆಲಿನ ಮುಂದೆ ಗಾಡಿ ನಿಲ್ಲಿಸಿ, ಮುಂದಿನ ಗಾಜನ್ನೇ ನೋಡುತ್ತ, ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು.

“ಅವಳು ಮಾತಾಡಲಿ ಅಂತ ಇಷ್ಟು ವರ್ಷ ಒದ್ದಾಡಿದೆ ಲಾಸ್ಯಾ. ನಾನು ಹೇಳಿದ್ದನ್ನೇ ಹೇಳಲಿ ಅಂತ ಅಲ್ಲವಲ್ಲ. ಈಗ ಅವಳೊಂದು ಮಾತು ಹೇಳಿದಾಳೆ. ನನಗೆ ಇಷ್ಟ ಆಗಲಿಲ್ಲ ಅಂತ ಕೇಳಿಸ್ಕೊಳ್ಳದೆ ಇದ್ರೆ, ಆ ಸೀರೆ ಅಂಗಡಿಯ ಅಮ್ಮನಿಗೂ ನನಗೂ ಏನು ವ್ಯತ್ಯಾಸ?”

ಲಾಸ್ಯಾ ಅವರ ಕೈಯ ಮೇಲೆ ಕೈಯಿಟ್ಟು, ಆಮೇಲೆ ಇಳಿದಳು.

ಒಪ್ಪಿದ ಮೇಲೆ ಕಲಾ ಅರೆಮನಸ್ಸಿನಿಂದ ಏನನ್ನೂ ಮಾಡಲಿಲ್ಲ. ಆ ಮನೆಗೆ ಹೇಳಿಯೂ ಹೋದರು, ಹೇಳದೆಯೂ ಹೋದರು. ಸ್ನಾನದ ಕೋಣೆಯ ನೆಲ ಜಾರುತ್ತದೆಯೇ ಎಂದು ಚಪ್ಪಲಿ ಬಿಟ್ಟು ನಡೆದು ನೋಡಿದರು. ಅಲ್ಲಿ ಕೆಲಸ ಮಾಡುವವರನ್ನೆಲ್ಲ ಕೂರಿಸಿಕೊಂಡು, ಸನ್ನಿಧಿ ಆರೋಗ್ಯವಾಗಿದ್ದಾಗ ಹೊರಗಿನವರ ಜೊತೆ ಇಂಗ್ಲಿಷ್ ಆಡುತ್ತಾಳೆ, ಮೈ ಹುಷಾರಿಲ್ಲದಿದ್ದರೆ ಮಾತ್ರ ಕನ್ನಡಕ್ಕೆ ಹೋಗುತ್ತಾಳೆ ಎಂದು ಎಚ್ಚರಿಸಿದರು. ನೋವು, ಚಳಿ, ಉಸಿರು, ಅಪ್ಪನ್ನ ಕರಿ: ಇಂಥ ಮಾತುಗಳನ್ನು ಅವರಿಗೆ ಬಾಯಿಪಾಠ ಮಾಡಿಸಿದರು. ಘಾನಾದಿಂದ ಬಂದ ಒಬ್ಬ ಹಿರಿಯ ಹೆಂಗಸು ಎರಡೇ ದಿನದಲ್ಲಿ ಎಲ್ಲವನ್ನೂ ಕಲಿತು, ತಮ್ಮ ಭಾಷೆಯಲ್ಲಿ ನೋವಿಗೆ ಏನೆನ್ನುತ್ತಾರೆ ಎಂದು ಕಲಾಗೆ ಹೇಳಿಕೊಟ್ಟರು.

ಸನ್ನಿಧಿ ಆ ಮನೆಗೆ ಹೋದ ದಿನ ಶಿವರಾಮ್ ರಜೆ ಹಾಕಿದ್ದರು. ಲಾಸ್ಯಾ ಪೆಟ್ಟಿಗೆಗಳನ್ನು ಹೊತ್ತಳು. ಕಿಟಕಿಗೆ ಯಾವ ಬಣ್ಣದ ಪರದೆ, ಮಂಚ ಯಾವ ಗೋಡೆಯ ಬಳಿ ಎಂಬುದನ್ನೆಲ್ಲ ಸನ್ನಿಧಿಯೇ ನಿರ್ಧರಿಸಿದಳು. ಸಂಜೆಯಾಗುತ್ತಿದ್ದಂತೆ ಡೇನಿಯಲ್ ಬಾಗಿಲಲ್ಲಿ ಬಂದು ಕಾಯತೊಡಗಿದ. ಸನ್ನಿಧಿ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಅಪ್ಪ ಅಮ್ಮನನ್ನು. ಇನ್ನು ನೀವು ಹೊರಡಬಹುದು ಎಂಬುದು ಅದರ ಅರ್ಥ. ಕಲಾ ಮಗಳ ಹಣೆಗೆ ಮುತ್ತಿಟ್ಟು, ಬಾಯಿ ಒರೆಸಲು ಹೋದ ಕೈಯನ್ನು ತಡೆದುಕೊಂಡು, ಹೊರಗೆ ಬಂದರು. ಮನೆಯವರೆಗೂ ಗಂಡ ಹೆಂಡತಿ ಕೈ ಹಿಡಿದುಕೊಂಡೇ ಇದ್ದರು. ಶಿವರಾಮ್ ಒಂದೇ ಕೈಯಲ್ಲಿ ಗಾಡಿ ಓಡಿಸಿದರು.

ಮೂರನೆಯ ತಿಂಗಳಿನಲ್ಲಿ ಸನ್ನಿಧಿಗೆ ನ್ಯುಮೋನಿಯಾ ಆಯಿತು. ಯಾರ ತಪ್ಪೂ ಅಲ್ಲ, ಮನೆಯಲ್ಲಿದ್ದಾಗಲೂ ಆಗುತ್ತಿತ್ತು. ‘ಉಸಿರು’ ಎಂದು ಅವಳು ಕನ್ನಡದಲ್ಲಿ ಅಂದದ್ದನ್ನು ಘಾನಾದ ಹೆಂಗಸು ಕೇಳಿಸಿಕೊಂಡು ಕೂಡಲೇ ಆಂಬ್ಯುಲೆನ್ಸ್ ಕರೆಸಿದ್ದರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಕಲಾ ಮಗಳನ್ನು ಹಿಲ್ಸ್‌ಬರೋಗೆ ಕರೆತಂದರು. ಗಂಜಿ, ಕಷಾಯ, ಹಳೆಯ ಮಂಚ, ಹಳೆಯ ದಿನಚರಿ. ಇನ್ನು ವಾಪಸು ಕಳಿಸಬೇಡಿ ಎಂದು ಹೇಳದವರಿಲ್ಲ. ಮೈಸೂರಿನಿಂದ ಹೇಳಿದರು, ಕೂಟದಲ್ಲಿ ಹೇಳಿದರು, ನಂದಿತಾ ಕೂಡ ತಡೆಯಲಾರದೆ ಹೇಳಿದರು. ಕಲಾ ಎಲ್ಲರಿಗೂ ಹೂಂ ಎಂದರು. ಸನ್ನಿಧಿ ಚೇತರಿಸಿಕೊಂಡು, ಕೆನ್ನೆಗೆ ಬಣ್ಣ ಬಂದು, ಒಂದು ಬೆಳಿಗ್ಗೆ “ನನ್ನ. ಮನೆ” ಎಂದಳು. ಕಲಾ ಏನೂ ವಾದಿಸಲಿಲ್ಲ. ಅವಳ ಜಡೆ ಹೆಣೆದರು, ಔಷಧಗಳನ್ನು ಚೀಲಕ್ಕೆ ತುಂಬಿದರು, ಬಿಸಿಲು ಏರುವ ಮೊದಲೇ ತಾವೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟು ಬಂದರು. ಆ ಗಂಡ ಹೆಂಡತಿಯನ್ನು ನೋಡುತ್ತ ಬೆಳೆದ ಲಾಸ್ಯಾಳಿಗೆ, ಇಷ್ಟೆಲ್ಲ ವರ್ಷಗಳ ಎತ್ತುವುದು, ಉಣಿಸುವುದು, ಎದ್ದು ನೋಡುವುದಕ್ಕಿಂತ ಆ ಒಂದು ಬೆಳಗಿನ ಪ್ರಯಾಣವೇ ದೊಡ್ಡದಾಗಿ ಕಂಡಿತು. ತನಗೆ ಹಾಗೆ ಮಾಡುವ ಎದೆಗಾರಿಕೆ ಬಂದೀತೇ ಎಂದು ಅವಳು ಈಗಲೂ ಕೇಳಿಕೊಳ್ಳುತ್ತಾಳೆ. ಜೀವನದಲ್ಲಿ ಕಷ್ಟದ ನಿರ್ಧಾರ ಎದುರಾದಾಗಲೆಲ್ಲ ಅವಳಿಗೆ ನೆನಪಾಗುವುದು ಯಾವ ದೊಡ್ಡ ಮನುಷ್ಯರೂ ಅಲ್ಲ. ಆ ದಿನ ವ್ಯಾನನ್ನು ಹಿಮ್ಮುಖವಾಗಿ ತೆಗೆದು, ಕನ್ನಡಿಯಲ್ಲಿ ಮಗಳನ್ನೊಮ್ಮೆ ನೋಡಿ, ರಸ್ತೆಗೆ ಇಳಿದ ಕಲಾ ಆಂಟಿ.

ಕಲಾ ಕೆಲಸ ಬಿಡಲಿಲ್ಲ. ಈಚೆಗೆ ತೆಲುಗಿನ ಒಂದು ಸಂಸಾರ, ಗುಜರಾತಿಯ ಇನ್ನೊಂದು, ತಮ್ಮ ಮಕ್ಕಳ ಟ್ಯಾಬ್ಲೆಟ್ಟಿಗೆ ಮನೆಮಾತು ಹಾಕಿಸಲು ಅವರನ್ನು ಹುಡುಕಿಕೊಂಡು ಬಂದಿವೆ. ಬಂದವರನ್ನು ಅವರು ಮೊದಲು ಕೇಳುವುದು ಒಂದೇ: ನಿಮ್ಮ ಮಗುವಿನ ವಯಸ್ಸಿನ, ಚೆನ್ನಾಗಿ ಸಿಟ್ಟು ಮಾಡುವ ಮಗು ಯಾರಾದರೂ ಗೊತ್ತೇ?

ಈ ಮೇ ತಿಂಗಳ ಒಂದು ಶುಕ್ರವಾರ ಲಾಸ್ಯಾ ಸನ್ನಿಧಿಯ ಮನೆಗೆ ಹೋಗಿದ್ದಳು. ಮಾತಿನ ನಡುವೆ ಅಪ್ಪ ಅಮ್ಮನಿಗೆ ಫೋನ್ ಮಾಡು ಎಂದಳು ಸನ್ನಿಧಿ. ಲಾಸ್ಯಾ ವಿಡಿಯೋ ಕಾಲ್ ಹಚ್ಚಿ ಫೋನನ್ನು ಕುರ್ಚಿಯ ಎದುರಿಗೆ ಹಿಡಿದಳು. ತೆರೆಯ ತುಂಬ ಗಾಳಿ, ಹಾರುವ ಕೂದಲು, ಹಿಂದೆ ಉಕ್ಕಿನ ದೊಡ್ಡ ಕಂಬಗಳು. ಶಿವರಾಮ್ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ನದಿ ದಡದ ಫೋರ್ಟ್ ಲೀಗೆ ಹೋಗಿ, ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ನಡೆಯುತ್ತಿದ್ದರು. ಇಷ್ಟು ವರ್ಷ ಈ ಸೀಮೆಯಲ್ಲಿದ್ದೂ ಹಡ್ಸನ್ ನದಿಯನ್ನು ನಡೆದು ದಾಟಿರಲಿಲ್ಲವಂತೆ. ಕಲಾ ಸ್ಕಾರ್ಫನ್ನು ಒಂದು ಕೈಯಲ್ಲಿ ಹಿಡಿದು ಏನನ್ನೋ ಕೂಗಿ ಹೇಳುತ್ತಿದ್ದರು. ಗಾಳಿಯಲ್ಲಿ ಒಂದೂ ಕೇಳಿಸುತ್ತಿರಲಿಲ್ಲ. ನಗುತ್ತಿದ್ದರು ಎಂಬುದು ಮಾತ್ರ ಕಾಣುತ್ತಿತ್ತು.

ಸನ್ನಿಧಿ ಒಂದು ನಿಮಿಷ ಅವರನ್ನೇ ನೋಡಿದಳು. ಪಕ್ಕದ ಹಾಲ್‌ನಿಂದ ಡೇನಿಯಲ್‌ನ ಟಿವಿಯ ಸದ್ದು ಬರುತ್ತಿತ್ತು, ಅವನೂ ಸನ್ನಿಧಿಯೂ ಕಾಯುತ್ತಿದ್ದ ಪಂದ್ಯ ಶುರುವಾಗುವುದರಲ್ಲಿತ್ತು. ಅವಳು ಪರದೆಯ ಮೇಲೆ ಕಣ್ಣು ಹಾಯಿಸಿದಳು. “ಅಮ್ಮ. ಆಮೇಲೆ. ಮಾತಾಡ್ತೀನಿ,” ಎಂದಿತು ಟ್ಯಾಬ್ಲೆಟ್. ಇನ್ನು ಇಡು ಎಂಬಂತೆ ಅವಳು ಲಾಸ್ಯಾಳ ಮುಖ ನೋಡಿದಳು. ಲಾಸ್ಯಾ ಫೋನ್ ಇಟ್ಟು, ಕುರ್ಚಿಯನ್ನು ಹಾಲ್ ಕಡೆ ತಿರುಗಿಸಿದಳು.